ತಪ್ಪುಗಳಿರುವ ಪಾತ್ರಗಳು ಒಂದು ಚಿತ್ರದಲ್ಲಿ ಹತ್ತಿರವಾಗುತ್ತವೆ, ಇನ್ನೊಂದರಲ್ಲಿ ಬರೀ ಕಿರಿಕಿರಿ. ಯಾಕೆ?

ಮೊದಲಕರಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಹಿನ್ನೆಲೆ ಹೇಳದೆ ಕೇಳಿದರೆ ಅರ್ಥವಾಗುವುದಿಲ್ಲ.

ಎರಡು ವರ್ಷದಿಂದ ಒಂದು ಚಿತ್ರಕಥೆ ಬರೆಯುತ್ತಿದ್ದೇನೆ. ಒಂದೇ ಮನೆ, ಏಳು ಜನ. ಅಪ್ಪ, ಅಮ್ಮ, ಅಪ್ಪನ ತಮ್ಮ, ಮೂರು ಮಕ್ಕಳು, ದೊಡ್ಡ ಮಗಳ ಗಂಡ. ನಾಯಕ ಅಂತ ಯಾರೂ ಇಲ್ಲ, ಖಳನಾಯಕ ಅಂತಲೂ ಇಲ್ಲ. ಅಪ್ಪ, ಚಿಕ್ಕಪ್ಪ ಒಂದೇ ಸೂರಿನ ಕೆಳಗಿದ್ದಾರೆ, ಆದರೆ ಮಾತು ಬಿಟ್ಟು ಒಂಬತ್ತು ವರ್ಷ ಆಗಿದೆ. ಏನು ಹೇಳಬೇಕಿದ್ದರೂ ಅಮ್ಮನ ಮೂಲಕವೇ. ದೊಡ್ಡ ಮಗಳು ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವವಳು. ಮಗ ಸಾಲ ಕೇಳುವುದರಲ್ಲಿ ಪಳಗಿದವನು, ತೀರಿಸುವ ಮಾತೇ ಇಲ್ಲ. ಚಿಕ್ಕವಳು ಮನೆಯಲ್ಲಿ ಜಗಳ ಆಗಬಾರದು ಅಂತ ಎಲ್ಲರಿಗೂ ಒಂದೊಂದು ಸುಳ್ಳು ಹೇಳಿಕೊಂಡು ಓಡಾಡುತ್ತಾಳೆ. ಅಳಿಯ ಯಾರು ಏನೇ ಹೇಳಿದರೂ "ಹೌದು ಹೌದು" ಅನ್ನುವವನು. ಅಮ್ಮನಿಗೆ ಮಗನ ಮೇಲೆ ಪ್ರೀತಿ ಜಾಸ್ತಿ, ಅದನ್ನು ಮುಚ್ಚಿಡುವುದೂ ಇಲ್ಲ.

ಮೊದಲ ಕರಡನ್ನು ನಾಲ್ವರು ಗೆಳೆಯರಿಗೆ ಓದಲು ಕೊಟ್ಟೆ. ನಾಲ್ವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ: ಇವರಲ್ಲಿ ಒಬ್ಬರ ಜೊತೆಗೂ ಎರಡು ಗಂಟೆ ಕೂರಲು ಆಗುವುದಿಲ್ಲ. ಸರಿ ಅಂತ ಎರಡನೇ ಕರಡಿನಲ್ಲಿ ಪ್ರತಿಯೊಬ್ಬರಿಗೂ ಒಂದು ನೋವಿನ ಹಿಂದಿನ ಕಥೆ ಕೊಟ್ಟೆ. ಅಪ್ಪ ಯಾಕೆ ಅಷ್ಟು ಹಟಮಾರಿ, ಮಗ ಯಾಕೆ ಕೆಲಸದಲ್ಲಿ ನಿಲ್ಲುವುದಿಲ್ಲ, ಎಲ್ಲಕ್ಕೂ ಕಾರಣ. ಕೊನೆಯ ಇಪ್ಪತ್ತು ಪುಟದಲ್ಲಿ ಒಬ್ಬೊಬ್ಬರೂ ಅತ್ತು ಕ್ಷಮೆ ಕೇಳುತ್ತಾರೆ. ಅದೇ ಗೆಳೆಯರು ಓದಿ, "ಈಗ ಎಲ್ಲರೂ ಒಳ್ಳೆಯವರೇ ಆಗಿಬಿಟ್ಟರಲ್ಲ, ಇವರು ಜಗಳ ಆಡುವುದಾದರೂ ಯಾಕೆ" ಅಂದರು. ಅವರು ಹೇಳಿದ್ದು ನಿಜ. ಓದುವಾಗ ನನಗೇ ಬೇಸರ ಬಂತು.

ಕೆಲವು ಚಿತ್ರಗಳಲ್ಲಿ ಸುಳ್ಳುಗಾರ, ಜಿಪುಣ, ಮುಂಗೋಪಿ, ಇಂಥವರೇ ತುಂಬಿರುತ್ತಾರೆ. ಆದರೂ ಮುಗಿದ ಮೇಲೆ ಅವರನ್ನು ಬಿಟ್ಟು ಎದ್ದು ಬರಲು ಮನಸ್ಸಾಗುವುದಿಲ್ಲ. ಅದು ಹೇಗೆ ಆಗುತ್ತದೆ? ನಟರಿಂದಲೋ, ಬರವಣಿಗೆಯಿಂದಲೋ? ಜೊತೆಗೆ ಇನ್ನೊಂದು. ನನ್ನ ಕರಡು ಈಗ 118 ಪುಟ. ಏಳು ಪಾತ್ರ ಜಾಸ್ತಿ ಆಯಿತಾ? ಚಿಕ್ಕಪ್ಪನನ್ನೂ ಅಳಿಯನನ್ನೂ ತೆಗೆದುಬಿಡಿ ಅಂತ ಇಬ್ಬರು ಹೇಳಿದ್ದಾರೆ.

---

ಕತ್ತರಿಮೇಜು ಉತ್ತರ:

ನಾನು ಸಂಕಲನದ ಕೆಲಸ ಮಾಡುವವನು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅಂತ ಹಿಡಿಯುವ ರೂಢಿಯಲ್ಲಿ ನಿಮ್ಮದು ಎರಡು ಗಂಟೆಗೆ ಸ್ವಲ್ಪ ಕಡಿಮೆ. ಏಳು ಜನರಿಗೆ ಹಂಚಿದರೆ ತಲೆಗೆ ಹದಿನೇಳು ನಿಮಿಷ ಕೂಡ ಬರುವುದಿಲ್ಲ. ಹದಿನೇಳು ನಿಮಿಷದಲ್ಲಿ ಒಬ್ಬ ಮನುಷ್ಯನ ತಪ್ಪನ್ನೂ ತೋರಿಸಿ, ಅದರ ಕಾರಣವನ್ನೂ ಹೇಳಿ, ಕೊನೆಗೆ ಅವನನ್ನು ಬದಲಾಯಿಸಲೂ ಹೊರಟರೆ ನಿಮ್ಮ ಎರಡನೇ ಕರಡಿಗೆ ಆದದ್ದೇ ಆಗುತ್ತದೆ. ಒಬ್ಬೊಬ್ಬರೂ ಸರದಿಯಲ್ಲಿ ಬಂದು ತಮ್ಮ ಪಾಲು ಮುಗಿಸಿ ಹೋಗುತ್ತಾರೆ.

ಆದರೆ ಇಂಥ ಚಿತ್ರಗಳು ಕಾಲವನ್ನು ಹಾಗೆ ಹಂಚುವುದಿಲ್ಲ. ಐದು ಜನ ಒಂದೇ ಚೌಕಟ್ಟಿನಲ್ಲಿದ್ದರೆ ಆ ನಿಮಿಷ ಐವರದ್ದೂ. ಮಾತಾಡುವುದು ಒಬ್ಬರೇ, ಬದುಕುತ್ತಿರುವುದು ಐದು ಜನ. ನಾನು ದೃಶ್ಯ ಕತ್ತರಿಸುವಾಗ ಮೊದಲು ಹುಡುಕುವುದು ಕೇಳುತ್ತಿರುವವರ ಮುಖ. ಒಬ್ಬನ ತಪ್ಪು ಅವನ ಮುಖದಲ್ಲಿ ಅಷ್ಟು ಕಾಣುವುದಿಲ್ಲ, ಅದನ್ನು ನೂರು ಸಲ ನೋಡಿದವರ ಮುಖದಲ್ಲಿ ಕಾಣುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಾನು ಕೆಲಸ ಮಾಡಿದ ಒಂದು ಚಿತ್ರದಲ್ಲಿ ಮನೆಯ ಹಿರಿಯ ಮಗ ಊಟದ ಹೊತ್ತಿಗೆ ಎಲ್ಲರ ಮೇಲೂ ರೇಗುವ ದೃಶ್ಯ ಇತ್ತು. ಮೊದಲು ಕತ್ತರಿಸಿದಾಗ ಅವನ ಮುಖದ ಮೇಲೇ ಹೆಚ್ಚು ಹೊತ್ತು ನಿಂತಿದ್ದೆ. ನೋಡಿದವರಿಗೆಲ್ಲ ಅವನು ರಾಕ್ಷಸನಂತೆ ಕಂಡ. ಆಮೇಲೆ ಶೂಟ್ ಆದದ್ದನ್ನೆಲ್ಲ ಮತ್ತೆ ಹಾಕಿ ನೋಡುವಾಗ ಒಂದು ಟೇಕ್‌ನಲ್ಲಿ ಅವನ ಹೆಂಡತಿಯ ಪಾತ್ರ ಮಾಡಿದ ನಟಿ ಒಂದು ಸಣ್ಣ ಕೆಲಸ ಮಾಡಿದ್ದು ಕಣ್ಣಿಗೆ ಬಿತ್ತು. ಅವನು ಮೇಜು ಕುಟ್ಟುವ ಒಂದು ಕ್ಷಣ ಮೊದಲು, ಅವನ ಕಡೆ ನೋಡದೆಯೇ, ನೀರಿನ ಲೋಟವನ್ನು ಅವನ ಕೈಯಿಂದ ಆಚೆ ಸರಿಸಿಡುತ್ತಾರೆ. ಯಾರೂ ಹೇಳಿಕೊಟ್ಟಿದ್ದಲ್ಲ. ಆ ಟೇಕ್ ಬಳಸಿದೆ. ಸಂಭಾಷಣೆಯಲ್ಲಿ ಒಂದು ಅಕ್ಷರ ಬದಲಾಗಲಿಲ್ಲ, ಆದರೆ ಇಡೀ ದೃಶ್ಯ ಬೇರೆಯಾಯಿತು. ಇವನು ಹೀಗೇ, ಇವರಿಗೆಲ್ಲ ಗೊತ್ತು, ಗೊತ್ತಿದ್ದೂ ಜೊತೆಗಿದ್ದಾರೆ ಅನ್ನುವುದು ಒಂದು ಲೋಟದಲ್ಲಿ ಬಂದುಬಿಟ್ಟಿತು.

ಇದನ್ನೇ ಹೇಳಬೇಕು ಅಂತ ಇಷ್ಟು ಬರೆದೆ. ಕುಟುಂಬದ ಚಿತ್ರದಲ್ಲಿ ತಪ್ಪು ಅನ್ನುವುದು ಒಬ್ಬರ ಸ್ವತ್ತಲ್ಲ. ಆ ತಪ್ಪಿನ ಸುತ್ತ ಉಳಿದವರು ಹೇಗೆ ಮನೆ ಕಟ್ಟಿಕೊಂಡಿದ್ದಾರೆ ಅನ್ನುವುದನ್ನು ತೋರಿಸಿದರೆ ಆ ಮನುಷ್ಯ ತಾನಾಗಿ ಹತ್ತಿರವಾಗುತ್ತಾನೆ. 2006ರ 'ಲಿಟಲ್ ಮಿಸ್ ಸನ್‌ಶೈನ್' ನೋಡಿದ್ದೀರಲ್ಲ? ಆ ಹಳದಿ ಫೋಕ್ಸ್‌ವ್ಯಾಗನ್ ವ್ಯಾನಿನ ಕ್ಲಚ್ ಕೆಟ್ಟಿರುತ್ತದೆ. ಎಲ್ಲರೂ ಸೇರಿ ತಳ್ಳಬೇಕು, ವೇಗ ಬಂದ ಮೇಲೆ ಒಬ್ಬೊಬ್ಬರಾಗಿ ಓಡಿ ಹತ್ತಬೇಕು. ಮೊದಲ ಸಲ ತಳ್ಳುವಾಗ ಗೊಂದಲ, ಬೈಗುಳ. ಆಮೇಲೆ ಯಾರಿಗೂ ಯಾರೂ ಹೇಳಬೇಕಾಗಿಲ್ಲ. ಯಾರೂ ಸುಧಾರಿಸಿಲ್ಲ, ವ್ಯಾನೂ ರಿಪೇರಿ ಆಗಿಲ್ಲ, ಆದರೆ ಅದರ ಜೊತೆ ಬದುಕುವುದು ಕಲಿತಿದ್ದಾರೆ.

ನಿಮ್ಮ ಕರಡಿನಲ್ಲಿ ಪ್ರತಿ ದೃಶ್ಯದ ಪಕ್ಕ ಒಂದು ಸಾಲು ಬರೆದುಕೊಂಡು ನೋಡಿ: ಇಲ್ಲಿ ಯಾರು ಕೇಳುತ್ತಿದ್ದಾರೆ, ಅವರಿಗೆ ಇದು ಎಷ್ಟನೇ ಸಲ?

---

ಸಂಜೆಯಾಟ ಉತ್ತರ:

ನಾನು ಬರೆಯುವವಳಲ್ಲ, ಬರೀ ನೋಡುವವಳು. ಆದರೆ ಈ ಬಗೆಯ ಚಿತ್ರ ಅಂದರೆ ನನಗೆ ಪ್ರಾಣ, ಆದ್ದರಿಂದ ಹೇಳದೆ ಇರಲು ಆಗುತ್ತಿಲ್ಲ.

ನಿಮ್ಮ ಎರಡನೇ ಕರಡು ಯಾಕೆ ಸಪ್ಪೆಯಾಯಿತು ಅಂದರೆ ನೀವು ಎಲ್ಲದಕ್ಕೂ ಕಾರಣ ಕೊಟ್ಟಿರಿ. ಕಾರಣ ಕೊಟ್ಟರೆ ಅದು ವಕೀಲರ ಕೆಲಸ ಆಗುತ್ತದೆ. ನೋಡುವವರಿಗೆ ಯಾರನ್ನೂ ಬಿಡುಗಡೆ ಮಾಡಬೇಕಾಗಿಲ್ಲ. ಆ ಮನುಷ್ಯನನ್ನು ಇನ್ನೊಂದು ಹೊತ್ತಿನಲ್ಲೂ ನೋಡಬೇಕು, ಅಷ್ಟೇ.

ಯಾಸುಜಿರೊ ಓಝು ಅವರ 'ಟೋಕಿಯೋ ಸ್ಟೋರಿ' 1953ರದ್ದು. ವಯಸ್ಸಾದ ತಂದೆತಾಯಿ ಮಕ್ಕಳನ್ನು ನೋಡಲು ಟೋಕಿಯೋಗೆ ಬರುತ್ತಾರೆ, ಮಕ್ಕಳಿಗೆ ಪುರುಸೊತ್ತಿಲ್ಲ. ದೊಡ್ಡ ಮಗಳು ಶಿಗೆ ಬ್ಯೂಟಿ ಪಾರ್ಲರ್ ನಡೆಸುವವಳು, ಮಾತು ಒರಟು, ಕೈ ಬಿಗಿ. ಕೊನೆಗೆ ತಾಯಿ ತೀರಿಹೋಗುತ್ತಾರೆ. ಶಿಗೆ ಜೋರಾಗಿ ಅಳುತ್ತಾಳೆ, ಆ ಅಳು ನಿಜವೇ. ಅಂತ್ಯಕ್ರಿಯೆ ಮುಗಿದು ಊಟಕ್ಕೆ ಕೂತಾಗ ಅದೇ ಶಿಗೆ ಅಮ್ಮನ ಬೂದುಬಣ್ಣದ ಸೊಂಟಪಟ್ಟಿ ನೆನಪಿಗೆ ತನಗೆ ಬೇಕು ಅನ್ನುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಮೈ ಉರಿದುಹೋಯಿತು. ಹಲವು ವರ್ಷ ಬಿಟ್ಟು ಮತ್ತೆ ನೋಡಿದೆ, ಅಷ್ಟರಲ್ಲಿ ನಮ್ಮ ಮನೆಯಲ್ಲೂ ಒಂದು ಸಾವು ಆಗಿತ್ತು, ಬೀರುವಿನ ಮುಂದೆ ನಿಂತು ಯಾರಿಗೆ ಯಾವುದು ಅಂತ ಕೇಳುವ ಗಳಿಗೆ ನನಗೂ ಬಂದಿತ್ತು. ಆ ಸಲ ಶಿಗೆಯ ಮೇಲೆ ಸಿಟ್ಟು ಬರಲಿಲ್ಲ. ಅಳುವುದೂ ಕೇಳುವುದೂ ಒಂದೇ ಹೆಂಗಸು, ಎರಡೂ ನಿಜ. ಓಝು ಅವಳ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಕಿರಿಯ ಮಗಳು ಸಿಟ್ಟಾದಾಗ, ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಮಾತ್ರ ಅವಳಿಗೆ ಸಮಾಧಾನ ಹೇಳುತ್ತಾಳೆ. ಅಂದರೆ ಶಿಗೆಯನ್ನು ಅರ್ಥ ಮಾಡಿಕೊಳ್ಳುವವರು ಚಿತ್ರದ ಒಳಗೇ ಒಬ್ಬರಿದ್ದಾರೆ. ಇದು ಕತ್ತರಿಮೇಜು ಅವರು ಹೇಳಿದ ಲೋಟದ ಹಾಗೆಯೇ ಅಲ್ವಾ?

ಇನ್ನೊಂದು, ಹಿರೊಕಾಝು ಕೊರೆಎದಾ ಅವರ 'ಸ್ಟಿಲ್ ವಾಕಿಂಗ್', 2008. ಹಿರಿಯ ಮಗ ಒಬ್ಬ ಹುಡುಗನನ್ನು ನೀರಿನಿಂದ ಉಳಿಸಲು ಹೋಗಿ ಸತ್ತಿದ್ದಾನೆ. ಪ್ರತಿ ವರ್ಷ ಆ ದಿನ ಮನೆಯವರೆಲ್ಲ ಸೇರುತ್ತಾರೆ, ಬದುಕುಳಿದ ಆ ಹುಡುಗನೂ ಬರುತ್ತಾನೆ. ತಾಯಿ ನಗುನಗುತ್ತಾ ಅಡುಗೆ ಮಾಡುವವಳು, ಹರಟೆ ಹೊಡೆಯುವವಳು, ನೋಡಿದ ಕೂಡಲೇ ಇಷ್ಟವಾಗುತ್ತಾಳೆ. ರಾತ್ರಿ ಎರಡನೇ ಮಗ ಕೇಳುತ್ತಾನೆ, ಪಾಪ ಆ ಹುಡುಗನನ್ನು ಇನ್ನು ಕರೆಯುವುದು ಬೇಡ, ಅವನಿಗೆ ಹಿಂಸೆ ಆಗುತ್ತದೆ ಅಂತ. ತಾಯಿ ಹೆಣಿಗೆಯಿಂದ ಕೈ ತೆಗೆಯದೆ ಹೇಳುವ ಉತ್ತರ ಏನೆಂದರೆ, ಹಿಂಸೆ ಆಗಲಿ ಅಂತಲೇ ಕರೆಯುವುದು. ನನಗೆ ಬೆನ್ನಲ್ಲಿ ಚಳಿ ಹುಟ್ಟಿತು. ಅದೇ ತಾಯಿ ಮನೆಯೊಳಗೆ ಬಂದ ಹಳದಿ ಚಿಟ್ಟೆ ತನ್ನ ಸತ್ತ ಮಗನೇ ಅಂತ ಅದರ ಹಿಂದೆ ಓಡುತ್ತಾಳೆ. ಇವಳನ್ನು ಏನು ಮಾಡುವುದು? ದ್ವೇಷಿಸಲೂ ಆಗುವುದಿಲ್ಲ, ಸುಮ್ನೆ ಹೊಗಳಲೂ ಆಗುವುದಿಲ್ಲ. ಹತ್ತಿರ ಕೂರಬೇಕು ಅನಿಸುತ್ತದೆ.

ನಿಮ್ಮ ಕಥೆಯ ಅಪ್ಪ ಕೊನೆಯಲ್ಲಿ ಅತ್ತು ಕ್ಷಮೆ ಕೇಳುವುದು ಬೇಡ. ನಿಜವಾದ ಮನೆಗಳಲ್ಲಿ ಅಪ್ಪಂದಿರು ಕ್ಷಮೆ ಕೇಳುವುದನ್ನು ನಾನಂತೂ ಹೆಚ್ಚು ಕಂಡಿಲ್ಲ. ಜಗಳ ಆದ ಮಾರನೇ ದಿನ ಬಂದು "ಊಟ ಆಯ್ತಾ" ಅಂತ ಕೇಳುತ್ತಾರಲ್ಲ, ಅದರೊಳಗೇ ಎಲ್ಲ ಇರುತ್ತದೆ.

---

ನೇರಮಾತು ಉತ್ತರ:

ಮೇಲಿನ ಇಬ್ಬರ ಮಾತೂ ಚೆನ್ನಾಗಿದೆ, ಆದರೆ ನನಗೆ ಒಂದು ಕಡೆ ತಡೆಯುತ್ತಿದೆ. ಲೋಟ ಸರಿಸುವ ಆ ಹೆಂಡತಿಯ ಬಗ್ಗೆ ಯಾರೂ ಮಾತಾಡಲಿಲ್ಲ. ಅವಳು ಆ ಲೋಟವನ್ನು ಎಷ್ಟು ವರ್ಷದಿಂದ ಸರಿಸುತ್ತಿದ್ದಾಳೆ? ನಮಗೆ ಅದು ಆಪ್ತವಾಗಿ ಕಂಡಿತು ಸರಿ, ಅವಳ ಕೈಗೆ ಹೇಗನಿಸುತ್ತದೆ?

ಮೊದಲಕರಡು ಅವರೇ, ನಿಮ್ಮ ಕಥೆಯ ಅಮ್ಮ ಒಂಬತ್ತು ವರ್ಷದಿಂದ ಇಬ್ಬರು ಗಂಡಸರ ಮಧ್ಯೆ ಅಂಚೆ ಹಂಚುತ್ತಿದ್ದಾರೆ. ಪ್ರಶ್ನೆಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿರಿ. ಅವರ ತಪ್ಪು ಅಂತ ನೀವು ಎಣಿಸಿದ್ದು ಮಗನ ಮೇಲಿನ ಪ್ರೀತಿಯನ್ನು. ನನ್ನ ಪ್ರಕಾರ ಇಡೀ ಚಿತ್ರಕಥೆ ಇರುವುದೇ ಆ ಅಂಚೆಯಲ್ಲಿ.

ತಪ್ಪಿರುವವರೆಲ್ಲ ಮುದ್ದಾಗಿ ಕಾಣಬೇಕು ಅನ್ನುವ ಹಟ ಈ ಬಗೆಯ ಚಿತ್ರಗಳಿಗೆ ಅಂಟಿಕೊಂಡ ರೋಗ. ಯಾವುದು ತಪ್ಪು, ಯಾವುದು ಕೇಡು ಅನ್ನುವ ಗೆರೆ ಬರೆಯುವವರಿಗೆ ಗೊತ್ತಿರಬೇಕು. 2019ರ ಮಲಯಾಳಂ ಚಿತ್ರ 'ಕುಂಬಳಂಗಿ ನೈಟ್ಸ್' ಇದನ್ನು ಎಷ್ಟು ಚೆನ್ನಾಗಿ ಮಾಡಿದೆ ನೋಡಿ. ಒಂದು ಕಡೆ ನಾಲ್ಕು ಜನ ಅಣ್ಣತಮ್ಮಂದಿರು, ಒಬ್ಬರಿಗೊಬ್ಬರು ಆಗುವುದಿಲ್ಲ, ಹೊಡೆದಾಡುತ್ತಾರೆ, ಅಣ್ಣ ಸಜಿ ಇಸ್ತ್ರಿ ಅಂಗಡಿಯವನ ದುಡಿಮೆಯಲ್ಲಿ ಬದುಕುವವನು. ಇನ್ನೊಂದು ಕಡೆ ಶಮ್ಮಿ, ಮೀಸೆ ತಿದ್ದಿಕೊಂಡು, ಕನ್ನಡಿ ನೋಡಿಕೊಂಡು, ಎಲ್ಲ ನೀಟಾಗಿ ಇಟ್ಟುಕೊಂಡವನು. ಶುರುವಿನಲ್ಲಿ ಅವನ ವರ್ತನೆ ನೋಡಿ ನಗುತ್ತೇವೆ. ನಿಧಾನಕ್ಕೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮನೆಯ ಹೆಂಗಸರು ಅವನಿಗೆ ಹೊಂದಿಕೊಂಡಿರುವುದು ಪ್ರೀತಿಯಿಂದಲ್ಲ, ಭಯದಿಂದ ಅಂತ ಗೊತ್ತಾಗುತ್ತದೆ. ಹೆಂಡತಿಯೇ ಎದುರು ನಿಂತು ನನ್ನ ತಂಗಿಯ ಹತ್ತಿರ ಮರ್ಯಾದೆಯಿಂದ ಮಾತಾಡು ಅಂದಾಗ ಅವನ ನಿಜ ರೂಪ ಹೊರಗೆ ಬರುತ್ತದೆ. ಸಜಿಯದೂ ತಪ್ಪೇ, ಆದರೆ ಆ ತಪ್ಪು ಅವನನ್ನೇ ತಿನ್ನುತ್ತಿರುತ್ತದೆ. ನನಗೆ ಅಳು ಬರುತ್ತಿಲ್ಲ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅಂತ ತಮ್ಮನನ್ನು ಕೇಳುತ್ತಾನೆ, ಡಾಕ್ಟರ ಎದೆಗೆ ಒರಗಿ ಅಳುತ್ತಾನೆ.

ಇನ್ನೂ ಕಠಿಣವಾದದ್ದು ಬೇಕಿದ್ದರೆ ಥಾಮಸ್ ವಿಂಟರ್‌ಬರ್ಗ್ ಅವರ 'ಫೆಸ್ಟನ್', 1998. ತಂದೆಯ ಅರವತ್ತನೇ ಹುಟ್ಟುಹಬ್ಬ, ಮನೆ ತುಂಬ ಜನ. ಮಗ ಎದ್ದು ನಿಂತು, ಚಿಕ್ಕವರಿದ್ದಾಗ ಅಪ್ಪ ನಮ್ಮ ಮೇಲೆ ನಡೆಸಿದ ದೌರ್ಜನ್ಯ ಇದು ಅಂತ ಎಲ್ಲರೆದುರು ಹೇಳುತ್ತಾನೆ. ಜನ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಊಟ ಮುಂದುವರಿಸುತ್ತಾರೆ. ಹೊಂದಿಕೊಂಡು ಹೋಗುವುದು ಅನ್ನುವುದರ ಇನ್ನೊಂದು ಮುಖ ಅದು. ಇಂಥ ತಂದೆಯನ್ನು ಆಪ್ತವಾಗಿ ತೋರಿಸಲು ಹೊರಟಿದ್ದರೆ ಆ ಚಿತ್ರ ಅನ್ಯಾಯ ಮಾಡಿದಂತಾಗುತ್ತಿತ್ತು.

ನನ್ನ ಪ್ರಶ್ನೆ ಒಂದೇ. ಪ್ರತಿಯೊಬ್ಬರ ತಪ್ಪಿಗೂ ಬೆಲೆ ತೆರುತ್ತಿರುವವರು ಯಾರು? ಅದನ್ನು ಬರೆದಿಟ್ಟುಕೊಳ್ಳಿ. ಏಳಕ್ಕೆ ಏಳೂ ಒಬ್ಬರೇ ತೆರುತ್ತಿದ್ದರೆ ನಿಮ್ಮ ಚಿತ್ರ ಅವರದ್ದು.

---

ಕತ್ತರಿಮೇಜು ಉತ್ತರ:

ನೇರಮಾತು ಅವರೇ, ನೀವು ಹೇಳಿದ್ದು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆ ದೃಶ್ಯದಲ್ಲಿ ನಾನು ಲೋಟದ ಮೇಲೆ ಕತ್ತರಿಸಿ ತಕ್ಷಣ ಅವನ ಕಡೆ ಬಂದಿದ್ದೆ. ಅವಳ ಮುಖ ಆ ಟೇಕ್‌ನಲ್ಲಿ ಇತ್ತು. ಇನ್ನೊಂದು ಎರಡು ಸೆಕೆಂಡು ಅಲ್ಲೇ ನಿಲ್ಲಬಹುದಿತ್ತು. ನಿಲ್ಲಬೇಕಿತ್ತು ಅಂತ ಈಗ ಅನಿಸುತ್ತಿದೆ.

---

ತಾಲೀಮು ಉತ್ತರ:

ನಾನು ನಾಟಕದವನು. ಎರಡು ಮೂರು ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದ್ದೇನೆ. ನಟರಿಂದಲೋ ಬರವಣಿಗೆಯಿಂದಲೋ ಅಂತ ಕೇಳಿದ್ದೀರಿ. ಬರೆದದ್ದರಲ್ಲಿ ಕೈಗೆ ಕೆಲಸ ಇದ್ದರೆ ನಟ ಬದುಕುತ್ತಾನೆ. ಬರೀ ಮಾತಿದ್ದರೆ ಎಂಥ ನಟನೂ ನಿಂತು ಮಾತು ಒಪ್ಪಿಸಬೇಕಾಗುತ್ತದೆ.

ಚಿಕ್ಕಪ್ಪ, ಅಳಿಯ ಇಬ್ಬರನ್ನೂ ತೆಗೆಯಬೇಡಿ. ಏಳು ಜಾಸ್ತಿ ಅಲ್ಲ. ರಾಬರ್ಟ್ ಆಲ್ಟ್‌ಮನ್ ಅವರ 'ನ್ಯಾಶ್‌ವಿಲ್' ಚಿತ್ರದಲ್ಲಿ 24 ಮುಖ್ಯ ಪಾತ್ರಗಳಿವೆ. ಅದು ಕುಟುಂಬದ ಕಥೆಯಲ್ಲ, ಆದರೂ ಹೇಳಿದೆ, ಯಾಕೆಂದರೆ ಅವರು ನಟರಿಗೆಲ್ಲ ಬೇರೆಬೇರೆ ಮೈಕ್ ಕಟ್ಟಿ ಎಂಟು ಟ್ರ್ಯಾಕ್‌ಗಳಲ್ಲಿ ಧ್ವನಿ ಹಿಡಿಯುತ್ತಿದ್ದರು. 1974ರ ಚಿತ್ರವೊಂದರಲ್ಲೇ ಅದನ್ನು ಶುರು ಮಾಡಿದ್ದರು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳಬಹುದು, ಯಾರ ಮಾತು ಮೇಲೆ ಕೇಳಬೇಕು ಅನ್ನುವುದನ್ನು ಆಮೇಲೆ ತೀರ್ಮಾನಿಸಬಹುದು. ತುಂಬಿದ ಮನೆಯಲ್ಲಿ ಯಾರೂ ಇನ್ನೊಬ್ಬರ ವಾಕ್ಯ ಮುಗಿಯಲಿ ಅಂತ ಕಾಯುವುದಿಲ್ಲ. ಚಿತ್ರಕಥೆಗಳಲ್ಲಿ ಮಾತ್ರ ಎಲ್ಲರೂ ಕಾಯುತ್ತಾರೆ. ನಿಮ್ಮ ಕರಡಿನಲ್ಲಿ ಎಷ್ಟು ವಾಕ್ಯ ಅರ್ಧಕ್ಕೆ ನಿಂತಿವೆ ಎಣಿಸಿ. ಒಂದೂ ಇಲ್ಲದಿದ್ದರೆ ಅದೊಂದು ಸುಳಿವು.

ಏಳು ಜನರನ್ನು ಪರಿಚಯ ಮಾಡಿಸಲು ಏಳು ದೃಶ್ಯ ಬೇಡ. ಎಲ್ಲರಿಗೂ ಒಂದೇ ಕೆಲಸ ಕೊಡಿ. ಅದನ್ನು ಯಾರು ಹೇಗೆ ಮಾಡುತ್ತಾರೆ ನೋಡಿ. ಎಡ್ವರ್ಡ್ ಯಾಂಗ್ ಅವರ 'ಯಿ ಯಿ' (2000) ನನಗೆ ಇದರ ಪಾಠ. ತೈಪೆಯ ಒಂದು ಮನೆ, 173 ನಿಮಿಷದ ಚಿತ್ರ. ಅಜ್ಜಿ ಪ್ರಜ್ಞೆ ಇಲ್ಲದೆ ಮಲಗಿದ್ದಾರೆ, ದಿನಾ ಅವರ ಹತ್ತಿರ ಮಾತಾಡಿ ಅಂತ ಮನೆಯವರಿಗೆ ಹೇಳಲಾಗುತ್ತದೆ. ಕೆಲಸ ಅಷ್ಟೇ, ಉತ್ತರ ಕೊಡದ ಅಜ್ಜಿಯ ಮುಂದೆ ಕೂತು ಮಾತಾಡುವುದು. ಮಗಳು ಮಾತಾಡಲು ಕೂತು ಅಳುತ್ತಾಳೆ. ದಿನವಿಡೀ ಮಾಡಿದ್ದನ್ನೆಲ್ಲ ಹೇಳಿದರೂ ಒಂದು ನಿಮಿಷಕ್ಕೆ ಮುಗಿದುಹೋಗುತ್ತದೆ, ನಾನು ಬದುಕುತ್ತಿರುವುದು ಇಷ್ಟೇನಾ ಅಂತ. ಅಳಿಯನಿಗೆ ಅದು ಪ್ರಾರ್ಥನೆಯ ಹಾಗೆ ಕಾಣುತ್ತದೆ, ಆಚೆಯವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಗೊತ್ತಿಲ್ಲ. ಚಿಕ್ಕ ಹುಡುಗ ಮಾತಾಡುವುದೇ ಇಲ್ಲ. ಅವನು ಕ್ಯಾಮೆರಾ ಹಿಡಿದು ಜನರ ತಲೆಯ ಹಿಂಭಾಗದ ಫೋಟೋ ತೆಗೆಯುವ ಹುಡುಗ, ಅವರಿಗೇ ಕಾಣದ ಭಾಗವನ್ನು ತೋರಿಸಬೇಕು ಅಂತ. ಅವನ ಮಾತು ಚಿತ್ರದ ಕೊನೆಗೆ, ಅಜ್ಜಿ ತೀರಿಹೋದ ಮೇಲೆ ಬರುತ್ತದೆ. ನೋಡಿ, ಒಂದೇ ಕೋಣೆ, ಒಂದೇ ಹಾಸಿಗೆ, ಅಷ್ಟೂ ಜನ ಬಿಚ್ಚಿಕೊಂಡರು.

ಕನ್ನಡದಲ್ಲೇ 'ತಿಥಿ' ಇದೆಯಲ್ಲ, ರಾಮ್ ರೆಡ್ಡಿ ಅವರದ್ದು. ಬರವಣಿಗೆಯಲ್ಲಿ ಈರೇಗೌಡರೂ ಇದ್ದರು. 101 ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾರೆ, ಹನ್ನೊಂದನೇ ದಿನದ ತಿಥಿಗೆ ಮೂರು ತಲೆಮಾರು ಕಾಯುತ್ತವೆ. ಮಗ ಗಡ್ಡಪ್ಪನಿಗೆ ಯಾವುದರ ಗೊಡವೆಯೂ ಇಲ್ಲ, ನಡೆಯುತ್ತಾ ಇರುತ್ತಾರೆ. ಮೊಮ್ಮಗ ತಮ್ಮಣ್ಣನಿಗೆ ಜಮೀನಿನ ಚಿಂತೆ, ಬದುಕಿರುವ ಅಪ್ಪನ ಮರಣಪತ್ರ ಮಾಡಿಸುವಷ್ಟು. ಮರಿಮಗ ಅಭಿ ಒಬ್ಬ ಹುಡುಗಿಯ ಹಿಂದೆ. ಅಪ್ಪ ಸತ್ತಿದ್ದಾರೆ ಅಂತ ಕಾಗದ ಮಾಡಿಸುವ ಮಗನನ್ನು ನಾವು ದ್ವೇಷಿಸಬೇಕಿತ್ತು. ದ್ವೇಷಿಸುವುದಿಲ್ಲ, ಯಾಕೆಂದರೆ ಆ ಅಪ್ಪನನ್ನು ಹಿಡಿದು ನಿಲ್ಲಿಸುವುದು ಎಷ್ಟು ಕಷ್ಟ ಅಂತ ಅಷ್ಟರಲ್ಲಿ ನಮಗೂ ಗೊತ್ತಾಗಿರುತ್ತದೆ. ನಟರೆಲ್ಲ ಹಳ್ಳಿಯವರೇ, ವೃತ್ತಿ ನಟರಲ್ಲ. 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದ ಚಿತ್ರ. ಅಲ್ಲಿ ಯಾರೂ ಪಾತ್ರವನ್ನು ಸಮರ್ಥಿಸಿಕೊಳ್ಳುವುದಿಲ್ಲ, ತಮ್ಮ ಪಾಡಿಗೆ ತಾವು ನಡೆಯುತ್ತಾರೆ.

ನಿಮ್ಮ ಮನೆಯ ಏಳು ಜನರಿಗೂ ಒಂದೇ ಕೆಲಸ ಯಾವುದು? ಅದು ಸಿಕ್ಕಿದರೆ ಮೊದಲ ಇಪ್ಪತ್ತು ಪುಟ ಅರ್ಧಕ್ಕೆ ಇಳಿಯುತ್ತದೆ.

---

ಹನ್ನೆರಡನೇ_ಸಾಲು ಉತ್ತರ:

ಚಿಕ್ಕದಾಗಿ ಹೇಳುತ್ತೇನೆ. ಸುಳ್ಳು ಹೇಳುವ ನಿಮ್ಮ ಚಿಕ್ಕ ಮಗಳ ಬಗ್ಗೆ. 2001ರ 'ದಿ ರಾಯಲ್ ಟೆನೆನ್‌ಬಾಮ್ಸ್'ನಲ್ಲಿ ಮನೆ ಬಿಟ್ಟುಹೋದ ಅಪ್ಪ ತನಗೆ ಹೊಟ್ಟೆಯ ಕ್ಯಾನ್ಸರ್ ಅಂತ ಸುಳ್ಳು ಹೇಳಿ ಮನೆಗೆ ವಾಪಸ್ ಬರುತ್ತಾನೆ. ಸಿಕ್ಕಿಬಿದ್ದು ಹೊರಗೆ ಹೋಗುವಾಗ, ಈ ಆರು ದಿನ ನನ್ನ ಬಾಳಿನ ಅತ್ಯುತ್ತಮ ದಿನಗಳು ಅಂತ ಅಭ್ಯಾಸಬಲದಿಂದ ಇನ್ನೊಂದು ಮಾತು ಬಿಡುತ್ತಾನೆ. ಬಾಯಿಂದ ಬಂದ ಮೇಲೆ ಅವನಿಗೇ ಗೊತ್ತಾಗುತ್ತದೆ, ಅದು ನಿಜ ಅಂತ. ಆ ಒಂದು ಗಳಿಗೆಗೋಸ್ಕರ ಅವನ ಎಲ್ಲ ಸುಳ್ಳನ್ನೂ ನಾನು ಸಹಿಸಿಕೊಂಡೆ. ನಿಮ್ಮ ಚಿಕ್ಕವಳೂ ಅಭ್ಯಾಸಕ್ಕೆ ಹೇಳಿದ ಒಂದು ಸುಳ್ಳು ಅವಳಿಗೇ ಗೊತ್ತಿಲ್ಲದಂತೆ ನಿಜವಾಗಲಿ.

---

ಮೊದಲಕರಡು ಉತ್ತರ:

ಹತ್ತು ದಿನ ಆಯಿತು ಇಲ್ಲಿಗೆ ಬಂದು. ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ಮನಸ್ಸಿಟ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಮೊದಲು ಕೊನೆಯ ಇಪ್ಪತ್ತು ಪುಟದ ಕ್ಷಮೆಗಳನ್ನೆಲ್ಲ ತೆಗೆದೆ. ಆಮೇಲೆ ಹಿಂದಿನ ಕಥೆಗಳನ್ನು. ಕರಡು 91 ಪುಟಕ್ಕೆ ಇಳಿಯಿತು. ಖಾಲಿ ಅನಿಸಿ ಒಂದೆರಡು ದಿನ ಕೈಯೇ ಓಡಲಿಲ್ಲ. ಆಮೇಲೆ ತಾಲೀಮು ಅವರು ಕೇಳಿದ ಒಂದೇ ಕೆಲಸ ಯಾವುದು ಅಂತ ಯೋಚಿಸಿದೆ. ಮನೆಯ ಅಟ್ಟ ಖಾಲಿ ಮಾಡುವುದು. ಮಾಡು ಸೋರುತ್ತಿದೆ, ರಿಪೇರಿಯವರು ಬರುವ ಮೊದಲು ಮೂವತ್ತು ವರ್ಷದ ಸಾಮಾನು ಕೆಳಗೆ ಇಳಿಸಬೇಕು. ಅಳಿಯ ಎಲ್ಲವನ್ನೂ ಇಟ್ಟುಕೊಳ್ಳಿ ಅನ್ನುತ್ತಾನೆ, ಬಿಸಾಡಿ ಅಂದರೆ ಅದಕ್ಕೂ ಹೌದು ಅನ್ನುತ್ತಾನೆ. ಚಿಕ್ಕವಳು ಒಡೆದದ್ದನ್ನು ಒಡೆದಿಲ್ಲ ಅನ್ನುತ್ತಾಳೆ. ಒಂದು ದೃಶ್ಯದಲ್ಲೇ ಏಳೂ ಜನ ಬಂದುಬಿಟ್ಟರು, ನನಗೇ ಆಶ್ಚರ್ಯ.

ನೇರಮಾತು ಅವರ ಪ್ರಶ್ನೆ ನನ್ನನ್ನು ತುಂಬ ಕಾಡಿತು. ಬೆಲೆ ತೆರುವವರು ಯಾರು ಅಂತ ಬರೆಯುತ್ತಾ ಹೋದೆ, ಏಳರಲ್ಲಿ ಐದು ಕಡೆ ಅಮ್ಮ ಅಂತಲೇ ಬಂತು. ಇಷ್ಟು ದಿನ ಅದು ನನಗೆ ಕಾಣಲೇ ಇಲ್ಲ ಅನ್ನುವುದು ನೋವಾಯಿತು. ಈಗ ಅಟ್ಟದ ದೃಶ್ಯದಲ್ಲಿ ಹೀಗಿದೆ. ಅಪ್ಪ ಮೇಲೆ ನಿಂತು, ಕೆಳಗಿರುವ ತಮ್ಮನಿಗೆ ಕೇಳುವಷ್ಟು ಜೋರಾಗಿ, "ಏಣಿ ಗಟ್ಟಿಯಾಗಿ ಹಿಡ್ಕೋ ಅಂತ ಹೇಳು ಅವನಿಗೆ" ಅನ್ನುತ್ತಾರೆ. ಅಮ್ಮ ಹಳೆಯ ಪಾತ್ರೆಗಳ ಮಧ್ಯೆ ಕೂತಿದ್ದಾರೆ. ಹೇಳುವುದಿಲ್ಲ. ಸಿಟ್ಟಿಲ್ಲ, ಅಳು ಇಲ್ಲ, ಬರೀ ಹೇಳುವುದಿಲ್ಲ. ಮೂವರೂ ಸುಮ್ಮನೆ. ಸ್ವಲ್ಪ ಹೊತ್ತಾದ ಮೇಲೆ ಚಿಕ್ಕಪ್ಪ ಏಣಿ ಹಿಡಿಯುತ್ತಾರೆ. ಅಣ್ಣತಮ್ಮ ಇಬ್ಬರೂ ಇನ್ನೂ ಮಾತಾಡಿಲ್ಲ. ಮುಂದೆ ಮಾತಾಡುತ್ತಾರೋ ಇಲ್ಲವೋ ನಾನು ಇನ್ನೂ ತೀರ್ಮಾನಿಸಿಲ್ಲ.

ಅಕ್ಕ ತಮ್ಮನ ದೃಶ್ಯವನ್ನೂ ಮತ್ತೆ ಬರೆದೆ. ಮೊದಲು ಅದರಲ್ಲಿ ನಾಲ್ಕು ಪುಟ ಜಗಳ ಇತ್ತು. ಈಗ ತಮ್ಮ ಬಂದು ಬಾಗಿಲ ಹತ್ತಿರ ನಿಲ್ಲುತ್ತಾನೆ, ಹವಾಮಾನದ ಬಗ್ಗೆ ಏನೋ ಹೇಳುತ್ತಾನೆ. ಅಕ್ಕ ತಲೆ ಎತ್ತದೆ ನೋಟ್‌ಬುಕ್ ತೆಗೆದು, ಅವನು ಕೇಳುವ ಮೊದಲೇ ತಾರೀಖು, ಅವನ ಹೆಸರು ಬರೆದು, ಮೊತ್ತದ ಜಾಗ ಖಾಲಿ ಬಿಟ್ಟು ಕಾಯುತ್ತಾಳೆ. ಮುಕ್ಕಾಲು ಪುಟ.

---

ಸಂಜೆಯಾಟ ಉತ್ತರ:

ಮೊತ್ತದ ಜಾಗ ಖಾಲಿ ಬಿಟ್ಟದ್ದು ಓದಿ ಕಣ್ಣು ತುಂಬಿತು. ಒಂದು ಕೇಳಲಾ? ಅವನು ಅದನ್ನು ನೋಡುತ್ತಾನಾ? ನೇರಮಾತು ಅವರ ಲೆಕ್ಕದಲ್ಲಿ ಇಲ್ಲಿ ಬೆಲೆ ತೆರುತ್ತಿರುವುದು ಅಕ್ಕ. ಅವನಿಗೆ ಅದು ಗೊತ್ತಾ?

---

ಮೊದಲಕರಡು ಉತ್ತರ:

ನೀವು ಕೇಳಿದ ಮೇಲೆ ಇವತ್ತು ಬೆಳಿಗ್ಗೆ ಅಷ್ಟನ್ನೇ ಬರೆದೆ. ನೋಡುತ್ತಾನೆ. ಬಂದು ಪಕ್ಕದಲ್ಲಿ ಕೂರುತ್ತಾನೆ, ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಆ ಖಾಲಿ ಜಾಗದಲ್ಲಿ ತಾನೇ ಬರೆಯುತ್ತಾನೆ. ಎಷ್ಟು ಅಂತ ನಮಗೆ ಕಾಣುವುದಿಲ್ಲ. ಕಾಣುವುದು ಅಕ್ಕನ ಮುಖ.